ನೆಟ್ ಹೋಯ್ತು ಅಂದ ಕೂಡ್ಲೆ ರೀಸೆಟ್ ಒತ್ತಬೇಡಿ, ಮೊದ್ಲು ಎಲ್ಲಿ ಹೋಯ್ತು ಅಂತ ನೋಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಮಳೆಗಾಲ ಬಂತು ಅಂದ್ರೆ ನಿಮ್ಮ ಪೇಪರಲ್ಲಿ ಯಾವ ಹೋಬಳಿಲಿ ಎಷ್ಟು ಮಳೆ ಬಿತ್ತು, ಹಾರಂಗಿ ನೀರಿನ ಮಟ್ಟ ಎಷ್ಟಾಯ್ತು, ಭಾಗಮಂಡಲದಲ್ಲಿ ರಸ್ತೆ ಮೇಲೆ ನೀರು ಬಂತಾ, ಶಾಲೆಗೆ ರಜೆ ಉಂಟಾ ಅಂತ ಎಲ್ಲ ತಪ್ಪದೆ ಹಾಕ್ತೀರಿ, ಜನ ಬೆಳಿಗ್ಗೆ ಎದ್ದು ಮೊದ್ಲು ನೋಡೋದೇ ಅದನ್ನ. ಅದ್ರ ಜೊತೆ ಇನ್ನೊಂದು ವಿಷಯಕ್ಕೂ ಸ್ವಲ್ಪ ಜಾಗ ಕೊಡಿ ಅಂತ ಕೇಳೋಕೆ ಈ ಪತ್ರ. ಮನೆ ಇಂಟರ್ನೆಟ್ಟು, ಕಂಪ್ಯೂಟರ್ರು ಕೈ ಕೊಟ್ಟಾಗ ಮೊದ್ಲು ಏನು ನೋಡ್ಬೇಕು ಅನ್ನೋದು ನಮ್ಮ ಕೊಡಗು ಜಿಲ್ಲೆಲಿ ಭಾಳ ಜನಕ್ಕೆ ಯಾರೂ ಹೇಳ್ಕೊಟ್ಟಿಲ್ಲ.

ನಾನು ನಾಪೋಕ್ಲು ಕಡೆ ಕಂಪ್ಯೂಟರ್, ರೂಟರ್, ಸಿಸಿ ಕ್ಯಾಮರಾ ರಿಪೇರಿ ಕೆಲ್ಸ ಮಾಡ್ತೀನಿ. ತೋಟದ ಮನೆ, ಹೋಂಸ್ಟೇ, ಸೊಸೈಟಿ, ಶಾಲೆ ಅಂತ ಸುತ್ತುತಾ ಇರ್ತೀನಿ. ನೋಡಿದ್ದು ಏನಂದ್ರೆ ಎಷ್ಟೋ ಕಡೆ ತೊಂದ್ರೆ ಸಣ್ಣದು, ಮನೆಯವ್ರೇ ಐದು ನಿಮಿಷದಲ್ಲಿ ಕಂಡು ಹಿಡಿಬಹುದಾಗಿತ್ತು, ಆದ್ರೆ ಏನೇನೋ ಒತ್ತಿ ಸಣ್ಣದನ್ನ ದೊಡ್ಡದು ಮಾಡ್ಕೊಂಡಿರ್ತಾರೆ. ಬೆಂಗಳೂರಲ್ಲಾದ್ರೆ ಫೋನ್ ಮಾಡಿದ್ರೆ ಸಂಜೆ ಒಳಗೆ ಯಾರಾದ್ರೂ ಬರ್ತಾರೆ. ಇಲ್ಲಿ ಕಕ್ಕಡ ತಿಂಗಳ ಜೋರು ಮಳೆಲಿ ರಸ್ತೆಗೆ ಮರ ಬಿದ್ದಿರ್ತದೆ, ಬರೆ ಜರಿದಿರ್ತದೆ, ನಾವು ಬರ್ಬೇಕು ಅಂದ್ರೂ ಆಗೋಲ್ಲ. ಎಷ್ಟೋ ತೋಟದ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ರೇ ಇರೋದು, ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ, ಮೊಬೈಲ್ ಸಿಗ್ನಲ್ ಇಲ್ಲ, ಆ ವೈಫೈ ಒಂದೇ ಅವ್ರಿಗೆ ಹೊರಗಿನ ದಾರಿ. ಅದು ನಿಂತ್ರೆ ಮಾತ್ರೆ ತರ್ಸೋಕೂ ಆಗಲ್ಲ, ಮಗಳ ಮುಖ ನೋಡೋಕೂ ಆಗಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳ್ತಾ ಇದ್ದೀನಿ.

ಮೊದ್ಲ ಮಾತು, ನೆಟ್ ಇಲ್ಲ ಅನ್ನೋದು ಒಂದೇ ಕಾಯಿಲೆ ಅಲ್ಲ. ಮನೆ ಫೋನು ಅಥ್ವಾ ಕಂಪ್ಯೂಟರಿಂದ ರೂಟರ್, ಅಂದ್ರೆ ವೈಫೈ ಕೊಡೋ ಪೆಟ್ಟಿಗೆವರೆಗೆ ಒಂದು ದಾರಿ, ರೂಟರಿಂದ ಹೊರಗೆ ಕಂಬದ ಮೇಲೆ ಹೋಗೋ ಫೈಬರ್ ಕೇಬಲ್ ಇನ್ನೊಂದು ದಾರಿ, ಅದು ಮುಟ್ಟೋ ಕಂಪನಿಯ ಎಕ್ಸ್‌ಚೇಂಜಿಂದ ಮುಂದೆ ಮೂರನೇ ದಾರಿ. ಇದ್ರಲ್ಲಿ ಯಾವ್ದು ಕಡಿದಿದೆ ಅಂತ ಗೊತ್ತಾದ್ರೆ ಅರ್ಧ ಕೆಲ್ಸ ಮುಗಿದ ಹಾಗೆ. ಗೊತ್ತು ಮಾಡ್ಕೊಳ್ಳೋಕೆ ಇಂಜಿನಿಯರ್ ಆಗ್ಬೇಕಿಲ್ಲ, ರೂಟರ್ ಮುಂದೆ ನಿಂತು ಅದ್ರ ಲೈಟ್ ನೋಡೋಕೆ ಬಂದ್ರೆ ಸಾಕು.

ಫೈಬರ್ ಕನೆಕ್ಷನ್ ಇರೋ ಪೆಟ್ಟಿಗೆಲಿ ಸಾಮಾನ್ಯವಾಗಿ ಪವರ್, ಪಾನ್, ಲಾಸ್, ಇಂಟರ್ನೆಟ್, ವೈಫೈ ಅಂತ ಲೈಟ್ ಇರ್ತದೆ. ಪಾನ್, ಪಿ ಓ ಎನ್ ಅಂತ ಬರೆದಿರ್ತದೆ, ಅದು ಹಸಿರಾಗಿ ಮಿಣುಕದೆ ನಿಂತಿದ್ರೆ ಹೊರಗಿನ ಫೈಬರ್ ಸರಿ ಇದೆ ಅಂತ ಅರ್ಥ. ಲಾಸ್ ಲೈಟು, ಎಲ್ ಓ ಎಸ್ ಅಂತ ಬರೆದಿರ್ತದೆ, ಅದು ಕೆಂಪಾಗಿ ಮಿಣುಕ್ತಾ ಇದ್ರೆ ಹೊರಗಿಂದ ಬೆಳಕು ನಿಮ್ಮ ಪೆಟ್ಟಿಗೆಗೆ ಬರ್ತಾ ಇಲ್ಲ. ಆಗ ನೀವು ವೈಫೈ ಪಾಸ್‌ವರ್ಡ್ ಬದಲಾಯಿಸಿದ್ರೂ ಇಲ್ಲ, ಫೋನ್ ಆಫ್ ಆನ್ ಮಾಡಿದ್ರೂ ಇಲ್ಲ, ಯಾಕಂದ್ರೆ ತೊಂದ್ರೆ ಇರೋದು ಮನೆ ಹೊರಗೆ, ಇಲ್ಲಾ ಅಂದ್ರೆ ಪೆಟ್ಟಿಗೆ ಹಿಂದೆ ಇರೋ ಆ ತೆಳು ಹಳದಿ ವಯರಲ್ಲಿ. ಆ ವಯರನ್ನ ಮಾತ್ರ ಒಮ್ಮೆ ನೋಡಿ, ಮೇಜು ಗೋಡೆಗೆ ತಳ್ಳಿದಾಗ ಸಿಕ್ಕಿ ಮಡಚಿರ್ತದೆ, ಒಳಗೆ ಇರೋದು ಗಾಜಿನ ಎಳೆ, ಚೂಪಾಗಿ ಬಗ್ಗಿಸಿದ್ರೆ ಬೆಳಕು ಅಲ್ಲೇ ಸೋರಿ ಹೋಗ್ತದೆ. ಬಿಡಿಸಿ ದೊಡ್ಡ ಸುರುಳಿ ಆಗಿ ಬಿಡಿ, ಎಷ್ಟೋ ಸಲ ಕೆಂಪು ಲೈಟು ಹಾಗೇ ಆರಿಹೋಗಿದ್ದನ್ನ ನಾನು ನೋಡಿದ್ದೀನಿ. ಆದ್ರೆ ಅದನ್ನ ಕಿತ್ತು ತುದಿನ ಕಣ್ಣಿನ ಹತ್ರ ಹಿಡಿದು ನೋಡೋದು ಬೇಡವೇ ಬೇಡ. ಅದ್ರಲ್ಲಿ ಬರೋ ಲೇಸರ್ ಬೆಳಕು ಕಣ್ಣಿಗೆ ಕಾಣೋದಿಲ್ಲ, ಕಾಣಲ್ಲ ಅಂತ ಅಪಾಯ ಇಲ್ಲ ಅಂತಲ್ಲ. ಮಕ್ಕಳಿಗೂ ಹೇಳಿ.

ನಮ್ಮಲ್ಲಿ ಈ ಕೆಂಪು ಲೈಟಿಗೆ ಮೂರು ಕಾರಣ ಹೆಚ್ಚು. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ಕಡಿದಿರೋದು, ಮರಗಸಿ, ಅಂದ್ರೆ ತೋಟದ ಮರದ ಕೊಂಬೆ ಕಡಿಯೋ ಕೆಲ್ಸ ಮಾಡೋವಾಗ ಕತ್ತಿ ತಾಗಿರೋದು, ಮತ್ತೆ ಮೂರನೇದು ಯಾರೂ ಯೋಚ್ನೆ ಮಾಡದೆ ಇರೋದು, ಆ ಕಡೆ ಎಕ್ಸ್‌ಚೇಂಜಲ್ಲಿ ಕರೆಂಟ್ ಇಲ್ಲದೆ ಬ್ಯಾಟರಿ ಖಾಲಿ ಆಗಿರೋದು. ಎರಡು ಮೂರು ದಿನ ಕರೆಂಟ್ ಹೋದಾಗ ನಿಮ್ಮನೆ ಇನ್ವರ್ಟರ್ ಓಡ್ತಾ ಇರ್ತದೆ, ರೂಟರ್ ಉರಿತಾ ಇರ್ತದೆ, ಆದ್ರೆ ಬೆಳಕು ಕಳಿಸೋ ಮಿಷನ್ನೇ ಆ ಕಡೆ ಆಫ್ ಆಗಿರ್ತದೆ. ಹಾಗಾಗಿ ಕಂಪ್ಲೇಂಟ್ ಕೊಡೋ ಮುಂಚೆ ಪಕ್ಕದ ತೋಟದವ್ರನ್ನ ಒಂದು ಮಾತು ಕೇಳಿ, ಅವ್ರದ್ದೂ ಕೆಂಪಾ ಅಂತ. ಊರಿಗೆಲ್ಲ ಹೋಗಿದ್ರೆ ಕಾಯ್ಬೇಕು, ನಿಮ್ಮೊಬ್ಬರದೇ ಹೋಗಿದ್ರೆ ನಿಮ್ಮ ಮನೆಗೆ ಬರೋ ಕೇಬಲ್ ಹಾದಿ ಗೇಟಿನವರೆಗೆ ಒಂದ್ಸಲ ನಡೆದು ನೋಡಿ, ಎಲ್ಲಿ ಬಿದ್ದಿದೆ ಅಂತ ಹೇಳಿದ್ರೆ ಬರೋ ಹುಡುಗನಿಗೆ ಮಳೆಲಿ ಹುಡುಕೋ ಕೆಲ್ಸ ತಪ್ಪತ್ತೆ. ಆದ್ರೆ ಕರೆಂಟ್ ತಂತಿನೂ ಜೊತೆಲಿ ಬಿದ್ದಿದ್ರೆ ಹತ್ರ ಹೋಗ್ಲೇಬೇಡಿ, ಲೈನ್‌ಮ್ಯಾನಿಗೆ ಹೇಳಿ.

ಪಾನ್ ಹಸಿರಿದೆ, ಲಾಸ್ ಆರಿದೆ, ಆದ್ರೆ ಇಂಟರ್ನೆಟ್ ಲೈಟ್ ಮಾತ್ರ ಇಲ್ಲ ಅಂದ್ರೆ ಫೈಬರ್ ಸರಿ ಇದೆ, ಲಾಗಿನ್ ಆಗಿಲ್ಲ ಅಂತ. ಬಿಲ್ ಕಟ್ಟಿದ್ದೀರಾ ನೋಡಿ, ಕಟ್ಟಿದ್ರೆ ಪೆಟ್ಟಿಗೆ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡಿ.

ಇಲ್ಲೇ ನಾನು ದೊಡ್ಡದಾಗಿ ಹೇಳ್ಬೇಕಾದ ವಿಷಯ ಬರ್ತದೆ. ಆಫ್ ಮಾಡಿ ಆನ್ ಮಾಡೋದು ಬೇರೆ, ರೀಸೆಟ್ ಬೇರೆ. ರೂಟರ್ ಹಿಂದೆ ಗುಂಡುಸೂಜಿ ಹೋಗೋವಷ್ಟು ಸಣ್ಣ ತೂತು ಇರ್ತದಲ್ಲ, ಅದ್ರೊಳಗೆ ಕಡ್ಡಿ ಹಾಕಿ ಹತ್ತು ಸೆಕೆಂಡ್ ಒತ್ತಿದ್ರೆ ಕಂಪನಿಯವ್ರು ಹಾಕಿಟ್ಟ ಯೂಸರ್ ನೇಮು, ಪಾಸ್‌ವರ್ಡು, ಒಳಗಿನ ಸೆಟ್ಟಿಂಗು ಎಲ್ಲ ಅಳಿಸಿ ಹೋಗಿ ಪೆಟ್ಟಿಗೆ ಫ್ಯಾಕ್ಟರಿಯಿಂದ ಬಂದ ದಿನದ ಹಾಗೆ ಆಗ್ತದೆ. ಕೇಬಲ್ ಸರಿ ಆಗಿ ಊರಿಗೆಲ್ಲ ನೆಟ್ ಬಂದ್ರೂ ನಿಮಗೆ ಬರಲ್ಲ, ಯಾರಾದ್ರೂ ಬಂದು ಆ ಯೂಸರ್ ನೇಮ್ ಮತ್ತೆ ಹಾಕೋವರೆಗೆ. ಯಾರೋ ವಿಡಿಯೋದಲ್ಲಿ ಹೇಳಿದ್ರು ಅಂತ ಮೊದ್ಲು ಅದನ್ನೇ ಒತ್ತಿರ್ತಾರೆ, ಒಂದು ಗಂಟೆಲಿ ಬರ್ಬೇಕಿದ್ದ ನೆಟ್ಟು ವಾರ ಆದ್ರೂ ಬರಲ್ಲ. ದಯವಿಟ್ಟು ಆ ತೂತನ್ನ ಮುಟ್ಟಬೇಡಿ, ನಾನಂತೂ ಹೋದ ಮನೆಲೆಲ್ಲ ಅದ್ರ ಮೇಲೆ ಒಂದು ಚೂರು ಟೇಪ್ ಅಂಟಿಸಿ ಬರ್ತೀನಿ. ಜೊತೆಗೆ ನಿಮ್ಮ ಕನೆಕ್ಷನ್ನಿನ ಯೂಸರ್ ನೇಮ್, ಕಸ್ಟಮರ್ ನಂಬರ್, ಲೋಕಲ್ ಟೆಕ್ನಿಷಿಯನ್ ಫೋನ್ ನಂಬರ್ ಒಂದು ಚೀಟಿಲಿ ಬರೆದು ರೂಟರ್ ಪಕ್ಕದ ಗೋಡೆಗೆ ಹಚ್ಚಿಡಿ. ಫೋನಲ್ಲಿ ಸೇವ್ ಮಾಡಿದ್ರೆ ಸಾಲದು, ಬೇಕಾದಾಗ ಆ ಫೋನೇ ಸ್ವಿಚ್ ಆಫ್ ಆಗಿರ್ತದೆ.

ರೂಟರ್ ತನ್ನಷ್ಟಕ್ಕೆ ಮತ್ತೆ ಮತ್ತೆ ಆಫ್ ಆಗಿ ಆನ್ ಆಗ್ತಾ ಇದ್ರೆ ರೂಟರ್ ಹೋಯ್ತು ಅಂತ ಹೊಸದು ತರೋಕೆ ಹೊರಡಬೇಡಿ, ಅಡಾಪ್ಟರ್ ನೋಡಿ. ಸುಮಾರು ಫೈಬರ್ ಪೆಟ್ಟಿಗೆಗೆ 12 ವೋಲ್ಟ್ ಬೇಕು. ಮನೆಲಿ ಬೇರೆ ಯಾವ್ದೋ ಹಳೇ 9 ವೋಲ್ಟಿನ ಅಡಾಪ್ಟರಿನ ಪಿನ್ನೂ ಹಾಗೇ ಕೂತ್ಕೊಳ್ತದೆ, ಲೈಟೂ ಬರ್ತದೆ, ಆದ್ರೆ ಕೆಲ್ಸ ಮಾಡೋವಾಗ ಪವರ್ ಸಾಲದೆ ಬಿದ್ದು ಹೋಗ್ತದೆ. ಅಡಾಪ್ಟರ್ ಮೇಲೆ ಬರೆದ ವೋಲ್ಟೂ ರೂಟರ್ ಅಡಿಲಿ ಬರೆದ ವೋಲ್ಟೂ ಒಂದೇ ಇರ್ಬೇಕು, ಆಂಪಿಯರ್ ಮಾತ್ರ ಅಷ್ಟೇ ಅಥ್ವಾ ಅದಕ್ಕಿಂತ ಜಾಸ್ತಿ ಇದ್ರೆ ಪರವಾಗಿಲ್ಲ. ಕರೆಂಟ್ ಹೋಗೋ ಕಡೆ ರೂಟರಿಗೆ ಅಂತ್ಲೇ ಬರೋ ಸಣ್ಣ ಯುಪಿಎಸ್ ಒಂದು ತಗೊಂಡ್ರೆ ಭಾಳ ಉಪಕಾರ, ತಗೊಳ್ಳೋವಾಗ್ಲೂ ಇದೇ ವೋಲ್ಟ್ ಲೆಕ್ಕ ನೋಡಿ.

ಈಗ ಮನೆ ಒಳಗಿನ ದಾರಿ. ಲೈಟೆಲ್ಲ ಸರಿ ಇದೆ, ಫೋನಲ್ಲಿ ನೆಟ್ ಬರ್ತದೆ, ಕಂಪ್ಯೂಟರಲ್ಲಿ ಮಾತ್ರ ಇಲ್ಲ ಅಂದ್ರೆ ಕಂಪನಿಗೆ ಫೋನ್ ಮಾಡಿ ಬೈದು ಪ್ರಯೋಜನ ಇಲ್ಲ, ತೊಂದ್ರೆ ಆ ಕಂಪ್ಯೂಟರಲ್ಲೇ. ಲ್ಯಾಪ್‌ಟಾಪ್ ಆದ್ರೆ ಕೀಬೋರ್ಡಲ್ಲಿ ವಿಮಾನದ ಗುರುತಿನ ಕೀ ಮಗು ಒತ್ತಿರ್ತದೆ, ಮೊದ್ಲು ಅದು ನೋಡಿ. ಆಮೇಲೆ ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಇಂಗ್ಲಿಷಲ್ಲಿ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಐಪಿವಿ4 ಅಡ್ರೆಸ್ ಅನ್ನೋ ಸಾಲು ನೋಡಿ. ಅಲ್ಲಿ 169.254 ಅಂತ ಶುರುವಾಗೋ ನಂಬರ್ ಇದ್ರೆ ಕಂಪ್ಯೂಟರಿಗೆ ರೂಟರ್ ಅಡ್ರೆಸ್ಸೇ ಕೊಟ್ಟಿಲ್ಲ, ಸಿಗದೆ ತಾನೇ ಒಂದು ಇಟ್ಕೊಂಡಿದೆ ಅಂತ. ಕೇಬಲ್ ಬಿಗಿಯಾಗಿ ಕೂತಿದೆಯಾ ನೋಡಿ, ವೈಫೈ ಆದ್ರೆ ಆ ಹೆಸ್ರನ್ನ ಫರ್ಗೆಟ್ ಕೊಟ್ಟು ಪಾಸ್‌ವರ್ಡ್ ಹಾಕಿ ಮತ್ತೆ ಸೇರ್ಸಿ. 192.168 ಅಂತ ಶುರುವಾದ್ರೆ ಸಾಮಾನ್ಯವಾಗಿ ಅಡ್ರೆಸ್ ಸಿಕ್ಕಿದೆ, ಮುಂದಕ್ಕೆ ಹೋಗ್ಬಹುದು. ಅದೇ ಪರದೆಲಿ ಡಿಫಾಲ್ಟ್ ಗೇಟ್‌ವೇ ಅಂತ ಇನ್ನೊಂದು ನಂಬರ್ ಇರ್ತದೆ, ಅದೇ ರೂಟರ್. ಪಿಂಗ್ (ping) ಅಂತ ಬರೆದು ಜಾಗ ಬಿಟ್ಟು ಆ ನಂಬರ್ ಹಾಕಿ, ಉತ್ತರ ಬಂದ್ರೆ ರೂಟರ್ ತನಕ ದಾರಿ ಸರಿ ಇದೆ. ಆಮೇಲೆ ಪಿಂಗ್ 8.8.8.8 ಹಾಕಿ, ಇದು ಗೂಗಲ್ಲಿನವ್ರ ಒಂದು ಸರ್ವರ್ ನಂಬರ್, ಉತ್ತರ ಬಂದ್ರೆ ಇಂಟರ್ನೆಟ್ ತನಕ ದಾರಿ ಸರಿ ಇದೆ. ಇಷ್ಟೆಲ್ಲ ಸರಿ ಇದ್ದು ವೆಬ್‌ಸೈಟ್ ಮಾತ್ರ ತೆರಿತಾ ಇಲ್ಲ ಅಂದ್ರೆ ಹೆಚ್ಚಾಗಿ ಡಿಎನ್‌ಎಸ್ ತೊಂದ್ರೆ, ಅಂದ್ರೆ ವೆಬ್‌ಸೈಟ್ ಹೆಸ್ರು ಕೊಟ್ರೆ ಅದ್ರ ನಂಬರ್ ಹುಡುಕಿ ಕೊಡೋ ವ್ಯವಸ್ಥೆ ಕೆಟ್ಟಿದೆ. ನೆಟ್‌ವರ್ಕ್ ಸೆಟ್ಟಿಂಗಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8, ಎರಡನೇದಕ್ಕೆ 1.1.1.1 ಹಾಕಿ ನೋಡಿ. ಸಂಸ್ಥೆಗಳ ಆಫೀಸಲ್ಲಿ ಮಾತ್ರ ಕೇಳದೆ ಬದಲಾಯಿಸಬೇಡಿ, ಅವ್ರದ್ದೇ ಬೇರೆ ಏರ್ಪಾಡು ಇರ್ತದೆ.

ಇದನ್ನ ಪಿಯುಸಿ ಓದೋ ಮಕ್ಕಳು ಒಂದು ಸಲ ಹೇಳಿಕೊಟ್ರೆ ಕಲಿತಾರೆ, ಮನೆಗೊಬ್ರು ಕಲಿತ್ರೆ ಸಾಕು.

ಒಂದೇ ಕಂಪ್ಯೂಟರಲ್ಲಿ ಬ್ಯಾಂಕು, ಪಹಣಿ, ಸರ್ಕಾರಿ ಸೈಟು ಯಾವ್ದೂ ತೆರಿಯಲ್ಲ, ಕನೆಕ್ಷನ್ ಸುರಕ್ಷಿತ ಅಲ್ಲ ಅಂತ ಬರ್ತದೆ ಅಂದ್ರೆ ಕೆಳಗೆ ಮೂಲೆಲಿ ತಾರೀಖು ನೋಡಿ. ರಜೆ ಮುಗಿದು ಶಾಲೆ ಲ್ಯಾಬ್ ತೆಗೆದಾಗ ಇದು ಗ್ಯಾರಂಟಿ ಇರ್ತದೆ. ಮದರ್‌ಬೋರ್ಡಲ್ಲಿ ಸಿಆರ್ 2032 ಅಂತ ನಾಣ್ಯದ ಆಕಾರದ 3 ವೋಲ್ಟ್ ಬ್ಯಾಟರಿ ಇರ್ತದೆ, ಅದು ಸತ್ರೆ ಪ್ಲಗ್ ಕಿತ್ತಾಗೆಲ್ಲ ಗಡಿಯಾರ ಹಳೇ ವರ್ಷಕ್ಕೆ ಹೋಗ್ತದೆ. ಸೈಟು ಅಸಲಿ ಅಂತ ತೋರಿಸೋ ಸರ್ಟಿಫಿಕೇಟಿಗೆ ಶುರು ತಾರೀಖು ಮುಗಿಯೋ ತಾರೀಖು ಇರೋದ್ರಿಂದ ಕಂಪ್ಯೂಟರಿಗೆ ಅದು ಸುಳ್ಳು ಸರ್ಟಿಫಿಕೇಟ್ ತರ ಕಾಣ್ತದೆ. ವಾಚ್ ಅಂಗಡಿಲೂ ಸಿಗೋ ಆ ಬ್ಯಾಟರಿ ಬದಲಾಯಿಸಿ ತಾರೀಖು ಸರಿ ಮಾಡಿದ್ರೆ ಆಯ್ತು, ಅದಕ್ಕೆ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಟ್ಟವ್ರನ್ನ ನೋಡಿದಾಗ ನಂಗೆ ನಿಜಕ್ಕೂ ಬೇಜಾರಾಗ್ತದೆ.

ವೈಫೈ ಸಿಗ್ನಲ್ ವಿಷಯ. ಐನ್‌ಮನೆ, ಹಳೇ ಬಂಗಲೆ ಗೋಡೆ ಅಂದ್ರೆ ಒಂದೂವರೆ ಎರಡು ಅಡಿ ದಪ್ಪ ಮಣ್ಣು ಕಲ್ಲು, ಅದನ್ನ ದಾಟಿ ಮೂರನೇ ಕೋಣೆಗೆ ವೈಫೈ ಹೋಗ್ಬೇಕು ಅಂದ್ರೆ ಆಗಲ್ಲ. ರೂಟರ್ ಎರಡು ಹೆಸ್ರು ತೋರಿಸ್ತಾ ಇದ್ರೆ 5 ಜಿ ಅಂತ ಇರೋದು 5 ಗಿಗಾಹರ್ಟ್ಸ್, ಸ್ಪೀಡ್ ಜಾಸ್ತಿ ಆದ್ರೆ ಗೋಡೆ ದಾಟೋ ಶಕ್ತಿ ಕಮ್ಮಿ, ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು 2.4 ಗಿಗಾಹರ್ಟ್ಸ್, ದೂರ ಹೋಗ್ತದೆ. ರೂಟರ್ ಪಕ್ಕ ಕೂತು ಕೆಲ್ಸ ಮಾಡೋವಾಗ ಮೊದಲನೇದು, ಜಗುಲಿಲಿ ಕೂತಾಗ ಎರಡನೇದು. ರೂಟರನ್ನ ಬೀರು ಒಳಗೆ, ಟಿವಿ ಹಿಂದೆ, ಫ್ರಿಜ್ ಪಕ್ಕ ಇಡಬೇಡಿ, ನಡುಮನೆಲಿ ಎತ್ತರದಲ್ಲಿ ಇಡಿ. ಮನೆ ಒಳಗೆ ಮೊಬೈಲ್ ಸಿಗ್ನಲ್ ಇಲ್ಲದವ್ರು ಫೋನ್ ಸೆಟ್ಟಿಂಗಲ್ಲಿ ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಿ, ನಿಮ್ಮ ಸಿಮ್ಮಿಗೂ ಫೋನಿಗೂ ಆ ಸೌಲಭ್ಯ ಇದ್ರೆ ಮಾಮೂಲಿ ಕಾಲ್ ವೈಫೈ ಮೇಲೇ ಬರ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಹಿರಿಯರು ಇವತ್ತಿಗೂ ಕಾಲ್ ಮಾಡೋಕೆ ಮಳೆಲಿ ಕೊಡೆ ಹಿಡ್ಕೊಂಡು ಗುಡ್ಡ ಹತ್ತಿ ಹೋಗ್ತಾರೆ. ಆನ್‌ಲೈನಲ್ಲಿ ಸಿಗೋ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ, ಅನುಮತಿ ಇಲ್ಲದೆ ಅದನ್ನ ಹಾಕೋದು ಕಾನೂನಿಗೆ ವಿರುದ್ಧ, ಸುತ್ತಮುತ್ತಲಿನವ್ರ ಫೋನೂ ಕೆಡ್ತದೆ.

ತೋಟದವ್ರು ಮಾಡೋ ಇನ್ನೊಂದು ಕೆಲ್ಸ, ಮನೆಯಿಂದ ಕಾಫಿ ಕಣದ ಕ್ಯಾಮರಾಕ್ಕೆ, ತೋಟದ ಲೆಕ್ಕ ಬರೆಯೋ ರೈಟರ್ ಆಫೀಸಿಗೆ ಲ್ಯಾನ್ ಕೇಬಲ್, ಅಂದ್ರೆ ನೆಟ್ಟಿನ ವಯರ್ ಎಳಿಯೋದು. ಆ ತಾಮ್ರದ ಕೇಬಲ್ 100 ಮೀಟರ್ ತನಕ ಅಂತ ಲೆಕ್ಕ, ಅದ್ರ ಮೇಲೆ ಹೋದ್ರೆ ಒಂದು ದಿನ ಬರ್ತದೆ ಒಂದು ದಿನ ಇಲ್ಲ. ಅದಕ್ಕಿಂತ ದೊಡ್ಡ ಆಪತ್ತು ಸಿಡಿಲು. ಮರದಿಂದ ಮರಕ್ಕೆ ಕಟ್ಟಿದ ಆ ಕೇಬಲ್ ಸಿಡಿಲಿನ ಕರೆಂಟನ್ನ ನೇರ ಮನೆ ಒಳಗೆ ತರ್ತದೆ, ಪ್ಲಗ್ ಕಿತ್ತಿಟ್ಟ ಮನೆಲೂ ರೂಟರು, ಕಂಪ್ಯೂಟರ್ ಬೋರ್ಡು, ಕ್ಯಾಮರಾ ರೆಕಾರ್ಡ್ ಮಾಡೋ ಡಿವಿಆರು ಒಟ್ಟಿಗೆ ಸುಟ್ಟು ಹೋಗಿರ್ತದೆ, ಯಾಕಂದ್ರೆ ಪ್ಲಗ್ ಕಿತ್ರು ಲ್ಯಾನ್ ಕೀಳಲಿಲ್ಲ. ಎರಡು ಕಟ್ಟಡದ ಮಧ್ಯೆ ಫೈಬರ್ ಹಾಕ್ಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಅಂತ ಸಣ್ಣ ಪೆಟ್ಟಿಗೆ ಬೇಕು, ಈಗ ಅದೇನು ಭಾರೀ ಖರ್ಚಲ್ಲ, ಗಾಜಿನ ಎಳೆಲಿ ಕರೆಂಟ್ ಹರಿಯಲ್ಲ. ಆದ್ರೆ ಕೆಲವು ಫೈಬರ್ ಕೇಬಲ್ಲಿಗೆ ಆಧಾರಕ್ಕೆ ಅಂತ ಉಕ್ಕಿನ ತಂತಿ ಸೇರಿಸಿರ್ತಾರೆ, ಆ ತಂತಿನ ಮನೆ ಹೊರಗೇ ಬಿಟ್ಟು ಬರೀ ಫೈಬರ್ ಮಾತ್ರ ಒಳಗೆ ತಗೊಳ್ಳೋಕೆ ಹೇಳಿ.

ಸಿಡಿಲು ಅಂದ ಕೂಡ್ಲೆ ಜನ ಜೂನ್ ಜುಲೈ ಅಂದ್ಕೊಳ್ತಾರೆ. ನಮ್ಮಲ್ಲಿ ಆ ಎರಡು ತಿಂಗಳು ಗಾಳಿ ಮಳೆ ಜಾಸ್ತಿ, ಗುಡುಗು ಸಿಡಿಲು ಅಷ್ಟಿಲ್ಲ. ಸಾಮಾನು ಸುಡೋದು ಕಾಫಿ ಹೂ ಅರಳಿಸೋ ಹೂ ಮಳೆಯಿಂದ ಹಿಡಿದು ಏಪ್ರಿಲ್ ಮೇ ತಿಂಗಳ ಸಂಜೆ ಮಳೆಲಿ, ಮತ್ತೆ ಅಕ್ಟೋಬರಲ್ಲಿ. ಆ ದಿನಗಳಲ್ಲಿ ಮಧ್ಯಾಹ್ನ ಮೋಡ ಕಪ್ಪಾಯ್ತು ಅಂದಾಗ್ಲೇ ಪ್ಲಗ್, ಲ್ಯಾನ್ ಕೇಬಲ್, ಟಿವಿ ಕೇಬಲ್ ಮೂರೂ ಕೀಳಿ. ನೆತ್ತಿ ಮೇಲೆ ಗುಡುಗೋವಾಗ ಕೀಳೋಕೆ ಹೋಗಬೇಡಿ, ಸಾಮಾನು ಹೋದ್ರೆ ಹೋಗ್ಲಿ, ಜೀವ ಮುಖ್ಯ. ಸ್ಪೈಕ್ ಗಾರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ, ಮನೆಗೆ ಸರಿಯಾದ ಅರ್ಥಿಂಗ್ ಇಲ್ಲ ಅಂದ್ರೆ ಅದ್ರಿಂದ ದೊಡ್ಡ ರಕ್ಷಣೆ ಸಿಗಲ್ಲ, ಹತ್ರದಲ್ಲಿ ಬಿದ್ದ ಸಿಡಿಲಿಗೆ ಅದು ತಡಿಯೋದೂ ಇಲ್ಲ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್, ಅದೇ ಅರ್ಥಿಂಗ್ ಪಿನ್, ಮುರಿದು ಎರಡು ಪಿನ್ ಸಾಕೆಟ್ಟಿಗೆ ತುರುಕೋದನ್ನ ಈಗ್ಲೂ ನೋಡ್ತೀನಿ. ಕಂಪ್ಯೂಟರ್ ಡಬ್ಬಿ ಮುಟ್ಟಿದಾಗ ಜುಮ್ ಅಂದ್ರೆ ಅರ್ಥಿಂಗ್ ಸರಿ ಇಲ್ಲ ಅಂತ ತಿಳ್ಕೊಂಡು ಎಲೆಕ್ಟ್ರಿಷಿಯನ್ ಕರೆಸಿ, ಅದು ಕಂಪ್ಯೂಟರ್ ರಿಪೇರಿ ಅಲ್ಲ, ಮನೆ ರಿಪೇರಿ.

ಇನ್ವರ್ಟರಿಗೆ ಬದಲಾಗೋವಾಗ ಕಂಪ್ಯೂಟರ್ ಆಫ್ ಆಗಿ ಆನ್ ಆಗ್ತದೆ ಅನ್ನೋರು ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರ್ತದೆ ನೋಡಿ, ಅದಕ್ಕೆ ಹಾಕಿದ್ರೆ ಬೇಗ ಬದಲಾಗ್ತದೆ. ಆದ್ರೆ ಕಾಫಿಗೆ ನೀರು ಹೊಡಿಯೋ ಸೀಸನಲ್ಲಿ ಊರಿನ ಮೋಟರೆಲ್ಲ ಓಡಿ ವೋಲ್ಟೇಜ್ ಬಿದ್ದಾಗ ಅದೇ ಮೋಡಲ್ಲಿ ಇನ್ವರ್ಟರ್ ಕರೆಂಟ್ ಇದ್ರೂ ಬ್ಯಾಟರಿಗೆ ಹೋಗಿ ಖಾಲಿ ಮಾಡ್ತದೆ, ಆಗ ನಾರ್ಮಲ್‌ಗೆ ಹಾಕ್ಬೇಕು. ಈ ಒಂದು ಸ್ವಿಚ್ ಗೊತ್ತಿಲ್ಲದೆ ಬ್ಯಾಟರಿನೇ ಬದಲಾಯಿಸಿದವ್ರು ಇದ್ದಾರೆ.

ಆಮೇಲೆ ತೇವ. ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕಕ್ಕೆಲ್ಲ ಬೂಸ್ಟು ಹಿಡಿಯೋವಾಗ ಕಂಪ್ಯೂಟರ್ ಒಳಗೆ ಮಾತ್ರ ಒಣಗಿರ್ತದಾ. ಪ್ಲಾಸ್ಟಿಕ್ ಕವರ್ ಹೊದಿಸಿ ತಿಂಗಳುಗಟ್ಟಲೆ ಇಟ್ರೆ ತೇವ ಒಳಗೇ ನಿಲ್ತದೆ, ಹತ್ತಿ ಬಟ್ಟೆ ಹೊದಿಸಿ, ಮತ್ತೆ ದಿನಾ ಅಲ್ಲದಿದ್ರೂ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ ಇಡಿ, ಅದ್ರ ಬಿಸಿಗೇ ತೇವ ಆರ್ತದೆ. ತುಂಬಾ ದಿನ ಆದ್ಮೇಲೆ ಆನ್ ಮಾಡಿದಾಗ ಫ್ಯಾನ್ ತಿರುಗಿ ಪರದೆಲಿ ಏನೂ ಬರದೆ ಬೀಪ್ ಬೀಪ್ ಅಂದ್ರೆ ಹೆಚ್ಚಾಗಿ ರ್ಯಾಮ್ ಅನ್ನೋ ಮೆಮೊರಿ ಪಟ್ಟಿ ತೊಂದ್ರೆ. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿ ಮಾಡಿ, ರ್ಯಾಮ್ ಬಿಚ್ಚಿ ಅದ್ರ ಹಳದಿ ಹಲ್ಲನ್ನ ಪೆನ್ಸಿಲ್ ರಬ್ಬರಲ್ಲಿ ಮೆಲ್ಲ ಉಜ್ಜಿ, ಪುಡಿ ಊದಿ, ಟಕ್ ಅಂತ ಸದ್ದು ಬರೋ ಹಾಗೆ ವಾಪಸ್ ಕೂರ್ಸಿ. ಇಷ್ಟಕ್ಕೇ ಶಾಲೆಗಳಲ್ಲಿ ಮೂಲೆಗೆ ಹಾಕಿದ್ದ ಕಂಪ್ಯೂಟರುಗಳು ಎದ್ದು ಓಡಿವೆ. ಪ್ರಿಂಟರಿಗೆ ಪೇಪರ್ ಸಿಕ್ಕಿಕೊಳ್ಳೋದೂ ಇದ್ರಿಂದ್ಲೇ, ತೇವ ಕುಡಿದ ಹಾಳೆ ಎರಡೆರಡು ಅಂಟಿ ಹೋಗ್ತದೆ, ಪ್ಯಾಕೆಟನ್ನ ಗಾಳಿ ಆಡದ ಡಬ್ಬಿಲಿ ಇಟ್ಟು ಬೇಕಾದಷ್ಟೇ ಟ್ರೇಗೆ ಹಾಕಿ. ಇಂಕ್ ಪ್ರಿಂಟರಲ್ಲಿ ವಾರಕ್ಕೊಂದು ಕಲರ್ ಪ್ರಿಂಟ್ ತೆಗಿರಿ, ಇಲ್ಲಾಂದ್ರೆ ಹೆಡ್ ಒಣಗ್ತದೆ.

ಮಳೆಲಿ ನೆನೆದ ಫೋನನ್ನ ಅಕ್ಕಿ ಡಬ್ಬಕ್ಕೆ ಹಾಕೋದು, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸೋದು ಎರಡೂ ಬಿಡಿ. ಅಕ್ಕಿ ಪುಡಿ ಚಾರ್ಜರ್ ತೂತಿಗೆ ಸೇರ್ತದೆ, ಬೆಂಕಿ ಬಿಸಿಗೆ ಬ್ಯಾಟರಿ ಉಬ್ತದೆ. ಆಫ್ ಮಾಡಿ, ಚಾರ್ಜರ್ ಹಾಕದೆ, ಚಾರ್ಜರ್ ತೂತು ಕೆಳಗೆ ಬರೋ ಹಾಗೆ ಗಾಳಿಲಿ ಇಡಿ.

ಕಂಪ್ಯೂಟರ್ ಸ್ಲೋ ಅನ್ನೋದು ದಿನಾ ಕೇಳೋ ದೂರು. ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ, ಏನೂ ಮಾಡದೆ ಇದ್ರೂ ಡಿಸ್ಕ್ ನೂರಕ್ಕೆ ನೂರು ತೋರಿಸ್ತಾ ಇದ್ರೆ ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕ್ಸಿ, ಹೊಸ ಕಂಪ್ಯೂಟರ್ ಬೇಡ. ಇನ್ನೊಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಮಿಷನ್ನುಗಳಲ್ಲಿ ಟಿಪಿಎಂ 2.0 ಅನ್ನೋ ಸುರಕ್ಷತೆಯ ಭಾಗ ಇಲ್ಲದೆ ವಿಂಡೋಸ್ 11 ಹಾಕೋಕೆ ಅಧಿಕೃತವಾಗಿ ಬರಲ್ಲ, ಅಂಥದ್ರಲ್ಲಿ ಬ್ಯಾಂಕ್ ಕೆಲ್ಸ ಮಾಡೋದು ಬಿಡಿ, ಬರೀ ಬರೆಯೋಕೆ ನೆಟ್ ನೋಡೋಕೆ ಆದ್ರೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕೊಡಿ ಅಂತ ಕೇಳಿ, ದುಡ್ಡಿಲ್ಲದೆ ಸಿಗ್ತದೆ.

ಸಂಘ ಸಂಸ್ಥೆಯವ್ರಿಗೆ ಒಂದು ಮಾತು, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿ ಕಳಿಸಿದ ಅರ್ಜಿ ಆ ಕಡೆ ತೆಗೆದಾಗ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಆಗಿ ಕಾಣ್ತದೆ ಅಂದ್ರೆ ಫೈಲ್ ಕೆಟ್ಟಿಲ್ಲ, ವೈರಸ್ಸೂ ಅಲ್ಲ, ಅವ್ರ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ಯೂನಿಕೋಡಲ್ಲಿ ಟೈಪ್ ಮಾಡಿ, ಇಲ್ಲಾ ಪಿಡಿಎಫ್ ಮಾಡಿ ಕಳಿಸಿ.

ಕೊನೇದಾಗಿ ಹೇಳೋದು ಎಲ್ಲಕ್ಕಿಂತ ಹೆಚ್ಚು ಭಯ ಆಗೋ ವಿಷಯ. ನೆಟ್ ಹೋದಾಗ ಜನ ಮೊಬೈಲ್ ಡೇಟಾದಲ್ಲಿ ಗೂಗಲ್ ಮಾಡಿ ಕಸ್ಟಮರ್ ಕೇರ್ ನಂಬರ್ ಹುಡುಕ್ತಾರೆ, ಮೇಲೆ ಕಾಣೋ ನಂಬರ್ ಎಷ್ಟೋ ಸಲ ಮೋಸಗಾರರದ್ದು. ಅವ್ರು ಮರ್ಯಾದೆಯಾಗಿ ಮಾತಾಡಿ, ಸರ್ ಒಂದು ಆ್ಯಪ್ ಹಾಕಿ ನಾವೇ ಸರಿ ಮಾಡ್ತೀವಿ ಅಂತಾರೆ, ಆ ಆ್ಯಪ್ ಹಾಕಿದ್ರೆ ನಿಮ್ಮ ಪರದೆ ಪೂರ್ತಿ ಅವ್ರಿಗೆ ಕಾಣ್ತದೆ, ಆಮೇಲೆ ಹತ್ತು ರೂಪಾಯಿ ಕಟ್ಟಿ ಅಂತಾರೆ, ಅಷ್ಟರಲ್ಲಿ ಕಾಫಿ ಮಾರಿದ ದುಡ್ಡು ಖಾಲಿ. ನಂಬರನ್ನ ಯಾವಾಗ್ಲೂ ನಿಮ್ಮ ಬಿಲ್ಲಿಂದ ಅಥ್ವಾ ಕಂಪನಿ ಆ್ಯಪಿಂದ ತಗೊಳ್ಳಿ. ನೆಟ್ ಸರಿ ಮಾಡೋಕೆ ಯಾರಿಗೂ ನಿಮ್ಮ ಓಟಿಪಿ, ಯುಪಿಐ ಪಿನ್ ಬೇಕಾಗಿಲ್ಲ. ದುಡ್ಡು ಹೋಯ್ತು ಅಂತ ಗೊತ್ತಾದ ಕ್ಷಣ ಸೈಬರ್ ಮೋಸಕ್ಕೆ ಅಂತ ಇರೋ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ, ನಾಚಿಕೆ ಅಂತ ಮುಚ್ಚಿಟ್ಟು ನಾಳೆ ಅಂದ್ರೆ ದುಡ್ಡು ದಾಟಿ ಹೋಗಿರ್ತದೆ.

ನಿಜವಾದ ಕಂಪನಿಗೆ ಕಂಪ್ಲೇಂಟ್ ಕೊಡೋವಾಗ ನೆಟ್ ಇಲ್ಲ ಅಂತ ಮಾತ್ರ ಹೇಳಬೇಡಿ, ಲಾಸ್ ಕೆಂಪು ಮಿಣುಕ್ತಾ ಇದೆ, ಪಕ್ಕದ ಮನೆದು ಸರಿ ಇದೆ, ನಿನ್ನೆ ರಾತ್ರಿ ಗಾಳಿಗೆ ಹೋಯ್ತು ಅಂತ ಹೇಳಿ, ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್ ಕೇಳಿ ಬರ್ಕೊಳ್ಳಿ. ಆ ನಂಬರ್ ಇಲ್ಲದೆ ಮುಂದೆ ಮೇಲಿನವ್ರಿಗೆ ದೂರು ಕೊಡೋಕೆ ಆಧಾರ ಇರಲ್ಲ.

ಸಂಪಾದಕರೇ, ಪತ್ರ ಉದ್ದ ಆಯ್ತು, ಪೂರ್ತಿ ಹಾಕೋಕೆ ಜಾಗ ಇಲ್ಲದಿದ್ರೆ ಲೈಟಿನ ವಿಷಯ, ರೀಸೆಟ್ ವಿಷಯ, ಸಿಡಿಲು, 1930 ಈ ನಾಲ್ಕಾದ್ರೂ ಹಾಕಿ. ಪ್ರತಿ ವರ್ಷ ಮಾರ್ಚಲ್ಲಿ ಹೂ ಮಳೆ ಮುಂಚೆ ಒಂದ್ಸಲ, ಜೂನ್ ಮೊದಲ ವಾರ ಇನ್ನೊಂದ್ಸಲ, ಕತ್ತರಿಸಿ ಗೋಡೆಗೆ ಅಂಟಿಸೋ ಹಾಗೆ ದಪ್ಪ ಅಕ್ಷರದಲ್ಲಿ ಒಂದು ಬಾಕ್ಸ್ ಕೊಟ್ರೆ ಸಾಕು. ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಒಂದು ಭಾನುವಾರ ಊರಿನವ್ರನ್ನ ಸೇರಿಸಿದ್ರೆ ರೂಟರ್ ಇಟ್ಕೊಂಡು ಲೈಟ್ ತೋರಿಸಿ ಹೇಳ್ಕೊಡೋಕೆ ನಾನು ರೆಡಿ ಇದ್ದೀನಿ, ಕಾಸು ಬೇಡ. ಬೇರೆ ಊರುಗಳ ರಿಪೇರಿ ಹುಡುಗ್ರೂ ಮುಂದೆ ಬಂದ್ರೆ ಮಡಿಕೇರಿ, ಸೋಮವಾರಪೇಟೆ, ಕುಶಾಲನಗರ, ವಿರಾಜಪೇಟೆ, ಪೊನ್ನಂಪೇಟೆ ಐದೂ ತಾಲೂಕಲ್ಲಿ ಮುಂದಿನ ಮಳೆ ಒಳಗೆ ಮಾಡಿ ಮುಗಿಸಬಹುದು, ಪಂಚಾಯಿತಿಯವ್ರು ಯಾರಾದ್ರೂ ಒಪ್ಪಿದ್ರೆ ದಯವಿಟ್ಟು ನಿಮ್ಮ ಪತ್ರಿಕೆ ಮೂಲಕ ತಿಳಿಸಿ.

ಇಂತಿ,
ನಾಪೋಕ್ಲು ಕಡೆಯ ನಿಮ್ಮ ಓದುಗ